ಗಾಳಿಗೆ ಸಿಕ್ಕ ಫ್ಲೋಟ್: ಗಂಗಾವತಿ ಸೀಮೆಯ ಕೆರೆಯೊಂದರ ಪ್ರಕರಣ

ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ತುಂಬುವ ಒಂದು ಕೆರೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಹೋಮ್‌ಸ್ಟೇ ನಡೆಸುವವರು ಹೆಸರು ಬೇಡವೆಂದು ಕೇಳಿಕೊಂಡಿದ್ದಾರೆ, ಹೆಸರಿಲ್ಲದಿದ್ದರೂ ಪ್ರಕರಣಕ್ಕೇನೂ ಕೊರತೆಯಾಗುವುದಿಲ್ಲ. ಕೆರೆಯ ಪಡುವಣ ದಡದಲ್ಲಿ ಅವರ ಬಾಳೆ ತೋಟ, ದಡದುದ್ದಕ್ಕೂ ಹಳೆಯ ತೆಂಗಿನ ಮರಗಳು, ಅವುಗಳ ಹಿಂದೆ ನಾಲ್ಕು ಕೋಣೆಗಳ ಮನೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದ ಮೇಲೆ, ಹಂಪಿಗೆಂದು ಬಂದು ಹೊಳೆಯ ಈಚೆ ದಡದಲ್ಲಿ ತಂಗುವವರಲ್ಲಿ ಒಂದಷ್ಟು ಮಂದಿ ಇಂಥ ತೋಟದ ಮನೆಗಳ ಕಡೆ ತಿರುಗಿದರು. ಬಂದವರಿಗೆ ನೀರು ಬೇಕು. ಹೊಳೆಗೆ ಇಳಿಯುವ ಹಾಗಿಲ್ಲ: ಸೆಳವು ಒಂದು ಕಡೆ, ಮೊಸಳೆ ಇನ್ನೊಂದು ಕಡೆ, ಜೊತೆಗೆ ಜಲಾಶಯದ ಕೆಳಗಿನಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಹೀಗಾಗಿ ಮನೆಯ ಮುಂದಿನ ಕೆರೆಯೇ ಅತಿಥಿಗಳ ಆಸೆಯ ಜಾಗವಾಯಿತು.

ಮಾಲೀಕರು ಆನ್‌ಲೈನ್‌ನಲ್ಲಿ ಒಂದು ದೊಡ್ಡ ಫ್ಲೋಟ್ ತರಿಸಿದರು. ಈಜುಕೊಳಗಳಲ್ಲಿ ಬಳಸುವ, ಗಾಳಿ ತುಂಬುವ ಪಿವಿಸಿ ಹಾಸು. ದುಂಡಗೆ ಸುಮಾರು ಮೂರು ಮೀಟರ್ ಅಗಲ, ಸುತ್ತ ಒರಗಲು ಮೊಣಕಾಲೆತ್ತರದ ದಿಂಬು, ಲೋಟ ಇಡಲು ಗುಳಿ, ಆರು ಮಂದಿಗೆ ಜಾಗ. ತಳಭಾಗದಲ್ಲಿ, ಕಾಣದ ಕಡೆ, ಸಣ್ಣ ಅಕ್ಷರದಲ್ಲಿ ಇದು ಜೀವರಕ್ಷಕ ಸಾಧನವಲ್ಲ, ಬಯಲು ನೀರಿನಲ್ಲಿ ಬಳಸಬೇಡಿ ಎಂದು ಅಚ್ಚಾಗಿತ್ತು. ಇಂಥ ಸಾಲುಗಳನ್ನು ಫ್ಲೋಟ್ ಹರಿದ ಮೇಲೆ ಓದುವುದೇ ರೂಢಿ.

ಅದು ತೇಲಿ ಹೋಗದಂತೆ ಮಾಡಿದ್ದ ವ್ಯವಸ್ಥೆ ಇಷ್ಟು. ಐದು ಲೀಟರಿನ ಬಣ್ಣದ ಡಬ್ಬಕ್ಕೆ ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾಗುವ ಮುನ್ನ ಕಬ್ಬಿಣದ ಕೊಂಡಿ ಊರಿ, ಹಾರ್ಡ್‌ವೇರ್ ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. ಹಗ್ಗದ ಇನ್ನೊಂದು ತುದಿ ಫ್ಲೋಟಿನ ಅಂಚಿಗೆ ಅಂಟಿಸಿದ್ದ ಒಂದೇ ಒಂದು ಉಂಗುರಕ್ಕೆ. ನೀರಿನ ಆಳ ಮೂರು ಮೀಟರ್, ಹಗ್ಗ ಮೂರೂವರೆ. ದಡದಿಂದ ಇಪ್ಪತ್ತು ಮೀಟರ್ ದೂರದಲ್ಲಿ ಡಬ್ಬವನ್ನು ಮುಳುಗಿಸಿದ್ದರು. ನೋಡಲು ಅಚ್ಚುಕಟ್ಟಾಗಿತ್ತು. ಚಳಿಗಾಲದ ತಿಂಗಳುಗಳಲ್ಲಿ ಅದು ಜಾಗ ಬಿಟ್ಟು ಕದಲಲೂ ಇಲ್ಲ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನ ಕುಟುಂಬವೊಂದು ಅದರ ಮೇಲೆ ಕುಳಿತಿತ್ತು: ತಾಯಿ, ಇಬ್ಬರು ಮಕ್ಕಳು, ಮಕ್ಕಳ ಸೋದರಮಾವ. ಮಕ್ಕಳಿಗೆ ಲೈಫ್ ಜಾಕೆಟ್ ಇತ್ತು, ದೊಡ್ಡವರಿಬ್ಬರಿಗೆ ಇರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಪಡುವಣ ಗಾಳಿ ಸ್ವಲ್ಪ ಜೋರಾಯಿತು. ಮೊದಲ ಕೆಲವು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಫ್ಲೋಟ್ ಸರಸರನೆ ಓಡಲಿಲ್ಲ. ಡಬ್ಬ ಕೆಸರಿನಲ್ಲಿ ಒಂದು ಮೊಳ ಜಾರುವುದು, ನಿಲ್ಲುವುದು, ಮತ್ತೆ ಜಾರುವುದು. ತಾಯಿ ತಲೆಯೆತ್ತಿ ನೋಡಿದಾಗ ದಡ ದೂರವಾಗಿತ್ತು. ಆಳ ಹೆಚ್ಚಾದ ಕಡೆಗೆ ಬಂದಾಗ ಡಬ್ಬ ನೆಲ ಬಿಟ್ಟು ನೇತಾಡತೊಡಗಿತು. ಅಲ್ಲಿಂದ ಮುಂದೆ ಫ್ಲೋಟಿಗೆ ತಡೆಯೇ ಇರಲಿಲ್ಲ.

ಸೋದರಮಾವನಿಗೆ ಈಜು ಬರುತ್ತಿತ್ತು. ನೀರಿಗೆ ಹಾರಿ, ಹಗ್ಗ ಹಿಡಿದು ದಡದ ಕಡೆಗೆ ಎಳೆಯಲು ನೋಡಿದರು. ಎಳೆದಷ್ಟೂ ತಾವೇ ಹಿಂದಕ್ಕೆ ಹೋಗುತ್ತಿದ್ದರು. ಸುಸ್ತಾಗಿ ಫ್ಲೋಟಿನ ಅಂಚು ಹಿಡಿದುಕೊಂಡರು, ಆದರೆ ಮೇಲೆ ಹತ್ತಲು ಆಗಲಿಲ್ಲ. ಮೇಲಿದ್ದ ತಾಯಿ ಅವರ ಅಂಗಿಯ ಕೊರಳಪಟ್ಟಿ ಹಿಡಿದು ಕುಳಿತರು. ಫ್ಲೋಟ್ ಹೋಗುತ್ತಿದ್ದ ದಿಕ್ಕಿನಲ್ಲಿ ಏರಿ, ಏರಿಯ ಬುಡದಲ್ಲಿ ತೂಬು.

ಕೂಗು ಕೇಳಿದ್ದು ಕೆರೆಯ ಮೀನು ಗುತ್ತಿಗೆ ಪಡೆದವರ ಪೈಕಿ ಒಬ್ಬ ಹಿರಿಯರಿಗೆ. ಊರಿನಲ್ಲಿ ಎಲ್ಲರೂ ಅವರನ್ನು ತಾತ ಎನ್ನುತ್ತಾರೆ. ಬಲೆ ನೋಡಲು ತೆಪ್ಪದಲ್ಲಿ ಹೊರಟಿದ್ದವರು ಅತ್ತ ಹುಟ್ಟು ಹಾಕಿದರು. ಅವರು ಮಾಡಿದ ಕೆಲಸದಲ್ಲಿ ಮುಖ್ಯವಾದ ಒಂದು ಅಂಶವಿದೆ: ಫ್ಲೋಟನ್ನು ಎಳೆದು ತರಲು ಅವರು ನೋಡಲೇ ಇಲ್ಲ. ನೀರಿನಲ್ಲಿದ್ದವರನ್ನು ಮೊದಲು, ಮಕ್ಕಳನ್ನು ಆಮೇಲೆ, ತಾಯಿಯನ್ನು ಕೊನೆಗೆ ತೆಪ್ಪಕ್ಕೆ ಹತ್ತಿಸಿಕೊಂಡು ಫ್ಲೋಟಿನ ಹಗ್ಗವನ್ನು ಬಿಟ್ಟುಬಿಟ್ಟರು. ಭಾರ ಇಳಿದ ಫ್ಲೋಟ್ ನೀರು ಸವರುತ್ತಾ ಹೋಗಿ ಮೂಡಣ ದಡದ ಬಳ್ಳಾರಿ ಜಾಲಿಯ ಪೊದೆಗೆ ಬಿತ್ತು. ಮುಳ್ಳಿಗೆ ಸಿಕ್ಕಿ ಮೂರು ಕಡೆ ತೂತಾಯಿತು.

ಸಂಜೆ ಮಾಲೀಕರು ತಾತನಿಗೆ ಕೈ ಮುಗಿದಾಗ ಅವರು ಹೇಳಿದ ಮಾತು ಇಷ್ಟೇ: “ಗಾಳಿಪಟವನ್ನು ನೀರಿಗೆ ಬಿಟ್ಟಿದ್ದೀರಿ ಯಜಮಾನರೇ. ಸೂತ್ರ ಯಾರ ಕೈಯಲ್ಲಿತ್ತು?”

ನಾನು ಗಂಗಾವತಿಯಲ್ಲಿ ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಮಾಲೀಕರು ಪರಿಚಿತರು. ಫ್ಲೋಟಿಗೆ ತೇಪೆ ಹಾಕಿಸಿಕೊಂಡು ನನ್ನ ಬಳಿ ಬಂದಾಗ ಅವರ ಪ್ರಶ್ನೆ, “ಸರ್, ಇನ್ನೂ ದಪ್ಪ ಹಗ್ಗ ತರಲೇ?” ಹಗ್ಗಕ್ಕೆ ಏನೂ ಆಗಿರಲಿಲ್ಲ. ಎಂಟು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಗ್ಗ ನೂರಾರು ಕಿಲೋ ಎಳೆತ ತಡೆಯುತ್ತದೆ. ಸೋತದ್ದು ಬೇರೆ ಕಡೆ.

ಗಾಳಿಯ ಲೆಕ್ಕ

ಫ್ಲೋಟಿನ ಮೇಲೆ ನಾಲ್ಕು ಮಂದಿ ಕುಳಿತಾಗ ಗಾಳಿಗೆ ಎದುರಾಗುವ ಮೈ, ದಿಂಬು ಮತ್ತು ಮನುಷ್ಯರು ಸೇರಿ, ಅಂದಾಜು ಎರಡೂವರೆ ಚದರ ಮೀಟರ್. ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಅದನ್ನು ಸುಮಾರು ನಾಲ್ಕೂವರೆ ಕಿಲೋ ತೂಕದಷ್ಟು ಬಲದಿಂದ ನೂಕುತ್ತದೆ. ನಾಲ್ಕೂವರೆ ಕಿಲೋ ಎಂದರೆ ಏನು ಮಹಾ ಎನಿಸಬಹುದು. ಆದರೆ ಈ ಬಲ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು: 40 ಕಿಲೋಮೀಟರ್ ಗಾಳಿಗೆ 18 ಕಿಲೋ. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಜೊತೆ ಬರುವ ರಭಸದ ಗಾಳಿ 60 ಮುಟ್ಟಿದರೆ 40 ಕಿಲೋ. ಯಲಬುರ್ಗಾ, ಕುಷ್ಟಗಿ ಕಡೆಯ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವ ಜಿಲ್ಲೆ ಇದು. ಇಲ್ಲಿ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಏನನ್ನೂ ತೇಲಿಬಿಡಬಾರದು.

ಈಗ ಡಬ್ಬದ ಕಡೆ. ಐದು ಲೀಟರ್ ಕಾಂಕ್ರೀಟ್ ನೆಲದ ಮೇಲೆ 12 ಕಿಲೋ ತೂಗುತ್ತದೆ. ನೀರಿಗೆ ಬಿದ್ದೊಡನೆ ಐದು ಲೀಟರ್ ನೀರಿನ ತೂಕ ಕಳೆದು ಏಳೇ ಕಿಲೋ ಉಳಿಯುತ್ತದೆ. ಆರ್ಕಿಮಿಡೀಸನ ಈ ನಿಯಮವನ್ನು ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡದವರಿಲ್ಲ, ಲಂಗರು ಮಾಡುವಾಗ ನೆನೆಯುವವರಿಲ್ಲ. ಇನ್ನು ಆ ಏಳು ಕಿಲೋ ಕೂಡ ಪೂರ್ತಿ ಹಿಡಿಯುವುದಿಲ್ಲ. ಕೆಸರು ನೆಲದ ಮೇಲೆ ಅಡ್ಡಕ್ಕೆ ಎಳೆದರೆ ಜಾರದಂತೆ ತಡೆಯುವ ಘರ್ಷಣೆ ತೂಕದ ಅರ್ಧದಷ್ಟು ಎಂದು ಇಟ್ಟುಕೊಳ್ಳೋಣ. ಮೂರೂವರೆ ಕಿಲೋ ಆಯಿತು. ಅದರಲ್ಲೂ ಗಿಡ್ಡ ಹಗ್ಗ ಇನ್ನಷ್ಟು ಕಳೆಯುತ್ತದೆ. ಮೂರು ಮೀಟರ್ ಆಳಕ್ಕೆ ಮೂರೂವರೆ ಮೀಟರ್ ಹಗ್ಗ ಕಟ್ಟಿದರೆ ಅದು ಸುಮಾರು 60 ಡಿಗ್ರಿ ಕಡಿದಾಗಿ ನಿಲ್ಲುತ್ತದೆ. ಫ್ಲೋಟ್ ಎಳೆದಾಗ ಆ ಎಳೆತದ ದೊಡ್ಡ ಪಾಲು ಡಬ್ಬವನ್ನು ಮೇಲಕ್ಕೆ ಎತ್ತುತ್ತದೆ, ನೆಲದ ಮೇಲಿನ ಒತ್ತು ತಗ್ಗುತ್ತದೆ, ಘರ್ಷಣೆಯೂ ತಗ್ಗುತ್ತದೆ. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಆ ವ್ಯವಸ್ಥೆ ಅಡ್ಡಕ್ಕೆ ತಡೆಯಬಲ್ಲದ್ದು ಎರಡು ಕಿಲೋಗಿಂತ ಕಡಿಮೆ. ಗಂಟೆಗೆ 13 ಕಿಲೋಮೀಟರ್ ಗಾಳಿಗೇ ಅದು ಹೊರಡಬೇಕು. ಬಟ್ಟೆ ಒಣಗಿಸಲು ಹಿತವಾದ ಗಾಳಿ ಅದು.

ಚಳಿಗಾಲದಲ್ಲಿ ಹಾಗಾದರೆ ಏಕೆ ನಿಂತಿತ್ತು? ಗಾಳಿ ಇರಲಿಲ್ಲ. ತಡೆಯ ಪರೀಕ್ಷೆಯೇ ನಡೆದಿರಲಿಲ್ಲ.

ಇದಕ್ಕಿಂತ ಕುತೂಹಲದ ವಿಷಯ ತೆಂಗಿನ ಮರಗಳದ್ದು. ತೋಟ ಪಡುವಣ ದಡದಲ್ಲಿದೆ, ಈ ಕಾಲದಲ್ಲಿ ಹಗಲಿನ ಗಾಳಿ ಬರುವುದೂ ಹೆಚ್ಚಾಗಿ ಪಡುವಣದಿಂದ. ಅಂದರೆ ಗಾಳಿ ದಡದಿಂದ ನೀರಿನ ಕಡೆಗೆ ಬೀಸುತ್ತದೆ. ಬಾಳೆಯೂ ತೆಂಗೂ ಅದನ್ನು ತಡೆಯುವುದರಿಂದ ದಡದ ಹತ್ತಿರದ ನೀರು ಕನ್ನಡಿಯಂತೆ ನಿಶ್ಚಲ. ಮಕ್ಕಳನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಜಾಗ ಉಂಟೇ ಎನ್ನುವಂತಿರುತ್ತದೆ. ಮರಗಳ ಮರೆ ಮುಗಿಯುವ ಕಡೆ, ಮೂವತ್ತು ನಲವತ್ತು ಮೀಟರ್ ಆಚೆ, ನೀರಿನ ಮೇಲೆ ಸಣ್ಣ ಅಲೆಗಳು ಏಳುವುದನ್ನು ದಡದಲ್ಲಿ ಕುಳಿತವರು ಗಮನಿಸುವುದಿಲ್ಲ. ಫ್ಲೋಟ್ ಒಮ್ಮೆ ಆ ಗೆರೆ ದಾಟಿತೆಂದರೆ ಪೂರ್ತಿ ಗಾಳಿ ಅದರ ಬೆನ್ನಿಗೆ. ದೂರ ಹೋದಂತೆ ವೇಗ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಈ ಪ್ರಕರಣದಲ್ಲಿ ನಿಜವಾದ ಅಪಾಯ ಇದ್ದದ್ದು ಇಲ್ಲಿ ಎಂಬುದು ನನ್ನ ತೀರ್ಮಾನ. ಅದೇ ಫ್ಲೋಟ್, ಅದೇ ಡಬ್ಬ, ಮೂಡಣ ದಡದಲ್ಲಿ ಇದ್ದಿದ್ದರೆ ಗಾಳಿ ಅವರನ್ನು ತಾನೇ ದಡಕ್ಕೆ ತಂದು ಬಿಡುತ್ತಿತ್ತು. ಹೆಚ್ಚೆಂದರೆ ಜಾಲಿ ಮುಳ್ಳು ಚುಚ್ಚುತ್ತಿತ್ತು.

ಸೋದರಮಾವನ ಸಾಹಸಕ್ಕೂ ಒಂದು ಲೆಕ್ಕವಿದೆ. ಇಂಥ ಹಗುರ ಫ್ಲೋಟ್ ಖಾಲಿಯಾಗಿದ್ದರೆ ಗಾಳಿಯ ವೇಗದ ಹತ್ತನೇ ಒಂದು ಪಾಲಿನಷ್ಟು ವೇಗದಲ್ಲಿ ತೇಲಿ ಹೋಗಬಹುದು ಎಂಬುದು ನನ್ನ ಅಂದಾಜು. 40 ಕಿಲೋಮೀಟರ್ ಗಾಳಿಗೆ ಗಂಟೆಗೆ ನಾಲ್ಕು. ಸಾಮಾನ್ಯ ಈಜುಗಾರ ಗಂಟೆಗೆ ಎರಡು, ಮೂರು ಕಿಲೋಮೀಟರ್ ಹೋದರೆ ದೊಡ್ಡದು, ಅದೂ ಸ್ವಲ್ಪ ಹೊತ್ತು. ಬೆನ್ನಟ್ಟಿ ಹಿಡಿಯಲಾಗದು. ಹಿಡಿದವರಿಗೂ ಎಳೆಯಲಾಗದು, ಏಕೆಂದರೆ ನೀರಿನಲ್ಲಿ ಕಾಲೂರಲು ನೆಲವಿಲ್ಲ.

ಬಂದ ಸಲಹೆಗಳು

ಊರಲ್ಲಿ ಸುದ್ದಿ ಹರಡಿದ ಮೇಲೆ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಮೊಬೈಲ್‌ನಲ್ಲಿ ವಿಡಿಯೊ ತೋರಿಸಿ, ಫ್ಲೋಟಿನ ಹಿಂದೆ ಒಂದು ಬಕೆಟ್ ಕಟ್ಟಿ ನೀರಿಗೆ ಬಿಟ್ಟರೆ ಸಾಕು ಎಂದರು. ಬಕೆಟ್ ನೀರು ತುಂಬಿಕೊಂಡು ತಡೆ ಒಡ್ಡುವುದು ನಿಜ. ಆದರೆ ತಡೆ ಹುಟ್ಟಬೇಕಾದರೆ ಫ್ಲೋಟ್ ಚಲಿಸುತ್ತಿರಬೇಕು. ಒಂದು ಅಡಿ ಅಗಲದ ಬಕೆಟ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಡ್ಡುವ ತಡೆ ಒಂದು ಕಿಲೋ ಆಸುಪಾಸು. ಹೋಗುವುದನ್ನು ತುಸು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಮಡಚುವ ಕಬ್ಬಿಣದ ಕೊಕ್ಕೆಯ ಲಂಗರು ತರಿಸೋಣ ಎಂಬುದು ಮಾಲೀಕರ ಮಗನ ಆಸೆ. ಹೂಳು ಮೆತ್ತಗಿರುವ ಕಡೆ ಅದು ಚೆನ್ನಾಗಿ ಕಚ್ಚುತ್ತದೆ. ಆದರೆ ಈ ಕೆರೆಯ ತಳ ಒಂದೇ ಬಗೆಯಲ್ಲ: ಅರ್ಧ ಕಪ್ಪು ಹೂಳು, ಅರ್ಧ ಬಂಡೆ. ಆನೆಗೊಂದಿ ಸೀಮೆಯ ಗುಂಡುಬಂಡೆಗಳು ನೀರಿನ ಕೆಳಗೂ ಹಾಗೆಯೇ ಪೇರಿಸಿಕೊಂಡಿವೆ. ಹಾಸುಬಂಡೆಯ ಮೇಲೆ ಕೊಕ್ಕೆ ಜಾರುತ್ತದೆ, ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕರೆ ಮತ್ತೆ ಬರುವುದಿಲ್ಲ. ತಾತನ ಬಲೆಗೆ ಸಿಕ್ಕರಂತೂ ಜಗಳ.

ಮಾಲೀಕರ ತಾಯಿ ಹಿತ್ತಲಿನಲ್ಲಿ ಬಿದ್ದಿದ್ದ ಬೀಸುವ ಕಲ್ಲಿನ ಮೇಲಿನ ಬಿಲ್ಲೆಯನ್ನು ತೋರಿಸಿದರು. “ನಡುವೆ ತೂತಿದೆ ನೋಡಪ್ಪಾ, ಹಗ್ಗ ಪೋಣಿಸಬಹುದು” ಎಂದರು. ಸಲಹೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು. ಕೊಂಡಿ ಕಿತ್ತು ಬರುವ ಭಯವಿಲ್ಲ, ಚಪ್ಪಟೆಯಾಗಿರುವುದರಿಂದ ಉರುಳುವುದಿಲ್ಲ. ಆದರೆ ತೂಕ ಸಾಲದು. ಕಲ್ಲು ತನ್ನ ತೂಕದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ನೀರಿನಲ್ಲಿ ಕಳೆದುಕೊಳ್ಳುತ್ತದೆ. 15 ಕಿಲೋ ಬಿಲ್ಲೆ ಅಲ್ಲಿ ಒಂಬತ್ತೂ ಚಿಲ್ಲರೆ. ಅದಕ್ಕೆ ಬೇರೆ ಕೆಲಸ ಕೊಟ್ಟೆವು, ಮುಂದೆ ಹೇಳುತ್ತೇನೆ.

ತೆಂಗಿನ ಮರ

ಎಲ್ಲರೂ ಕೆರೆಯ ತಳದಲ್ಲಿ ಏನು ಮುಳುಗಿಸಬೇಕು ಎಂದು ಯೋಚಿಸುತ್ತಿದ್ದರು. ದಡದಲ್ಲಿ ಸಾಲಾಗಿ ನಿಂತಿದ್ದ ಮರಗಳತ್ತ ಯಾರೂ ನೋಡಿರಲಿಲ್ಲ. ಗಾಳಿ ದಡದಿಂದ ನೀರಿಗೆ ಬೀಸುವ ಕಡೆ ಫ್ಲೋಟನ್ನು ದಡಕ್ಕೆ ಕಟ್ಟುವುದೇ ಅತ್ಯಂತ ಸರಳ ಉಪಾಯ: ಗಾಳಿ ಅದನ್ನು ದೂರ ನೂಕುತ್ತಿರುತ್ತದೆ, ಹಗ್ಗ ತಾನಾಗಿಯೇ ಬಿಗಿಯಾಗಿರುತ್ತದೆ, ಬೇರು ಬಿಟ್ಟ ತೆಂಗಿನ ಮರಕ್ಕೆ 40 ಕಿಲೋ ಎಳೆತ ಲೆಕ್ಕಕ್ಕೇ ಇಲ್ಲ. ಇನ್ನೂ ದೊಡ್ಡ ಲಾಭ, ತೊಂದರೆ ಕಂಡರೆ ದಡದಲ್ಲಿ ನಿಂತವರು ಹಗ್ಗ ಎಳೆದು ಫ್ಲೋಟನ್ನು ಜನರ ಸಮೇತ ದಡಕ್ಕೆ ತರಬಹುದು. ಸಾಧಾರಣ ಗಾಳಿಗೆ ಒಬ್ಬರು ಸಾಕು. ಗಾಳಿ ಜೋರಿದ್ದರೆ ಇಬ್ಬರು ಬೇಕು, ಕಾಲೂರಲು ಗಟ್ಟಿ ನೆಲವಿದೆ. ತಳದ ಲಂಗರಿಗೆ ಈ ಗುಣ ಎಂದಿಗೂ ಬರುವುದಿಲ್ಲ. ಅದು ಕಳಚಿತೆಂದು ತಿಳಿಯುವುದೇ ಕಳಚಿದ ಮೇಲೆ.

ಮಾಲೀಕರಿಗೆ ಇದು ರುಚಿಸಲಿಲ್ಲ. “ದಡಕ್ಕೆ ಹಗ್ಗ ಕಂಡರೆ ಫೋಟೊ ಕೆಡುತ್ತದೆ ಸರ್. ಅತಿಥಿಗಳಿಗೆ ಕೆರೆಯ ಮಧ್ಯದಲ್ಲಿ ಒಂಟಿಯಾಗಿ ತೇಲಿದಂತೆ ಕಾಣಬೇಕು” ಎಂದರು. ಆ ಭಾನುವಾರ ಒಂಟಿಯಾಗಿ ತೇಲಿದವರ ಫೋಟೊ ಯಾರೂ ತೆಗೆಯಲಿಲ್ಲವಲ್ಲ ಎಂದೆ. ಮಾತು ಖಾರವಾಯಿತೇನೋ, ಆದರೆ ಚರ್ಚೆ ಅಲ್ಲಿಗೆ ಮುಗಿಯಿತು.

ಹೀಗೆ ಕಟ್ಟಿದೆವು. ಮರದ ಬುಡದಿಂದ 25 ಮೀಟರ್ ಹಗ್ಗ. ಇದಕ್ಕೆ ಆರಿಸಿದ್ದು ಹಳೆಯ ಬಗೆಯ ಹಳದಿ ಪ್ಲಾಸ್ಟಿಕ್ ಹಗ್ಗವನ್ನೇ, ಏಕೆಂದರೆ ಅದರ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ನೀರಿಗಿಂತ ಹಗುರ, ಮೇಲೆಯೇ ತೇಲುತ್ತದೆ, ಎಲ್ಲರ ಕಣ್ಣಿಗೂ ಕಾಣುತ್ತದೆ. ತೆಪ್ಪದವರಿಗೆ ದೂರದಿಂದ ಗೊತ್ತಾಗಲೆಂದು ಅಲ್ಲಲ್ಲಿ ಖಾಲಿ ನೀರಿನ ಬಾಟಲಿ, ಕೆಂಪು ಬಟ್ಟೆ ಕಟ್ಟಿದೆವು. ಈ ಹಗ್ಗ ನುಣುಪು, ಗಂಟು ಸಡಿಲವಾಗುವುದು ಬೇಗ. ಕಟ್ಟಿದ ಮೇಲೆ ಉಳಿದ ತುದಿಯನ್ನು ಗೇಣುದ್ದ ಬಿಟ್ಟು ಇನ್ನೊಂದು ಗಂಟು ಹಾಕಬೇಕು. ಬಿಸಿಲಿಗೆ ಒಂದೆರಡು ಬೇಸಿಗೆಯಲ್ಲಿ ಪುಡಿ ಉದುರತೊಡಗುತ್ತದೆ, ಆಗ ಬದಲಿಸಬೇಕು.

ಫ್ಲೋಟಿನ ಕಡೆ ಒಂದೇ ಉಂಗುರಕ್ಕೆ ಕಟ್ಟುವುದನ್ನು ಬಿಟ್ಟೆವು. ಉಂಗುರವನ್ನು ಪಿವಿಸಿ ತೇಪೆಯೊಂದು ಹಿಡಿದಿರುತ್ತದೆ, ತೇಪೆಯನ್ನು ಅಂಟು ಹಿಡಿದಿರುತ್ತದೆ. ನೇರ ಎಳೆತಕ್ಕಿಂತ ಮೇಲಕ್ಕೆ ಕೀಳುವ ಎಳೆತಕ್ಕೆ ಅಂಟು ಬೇಗ ಸೋಲುತ್ತದೆ, ಬಿಸಿಲಿಗೆ ಮೆತ್ತಗಾದಾಗ ಇನ್ನೂ ಬೇಗ. ಕೊಂಡಿಯೊಂದು ಕಡಿದರೆ ಏನಾಗುತ್ತದೆಂದು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟುಗಳಲ್ಲಿ ಉಳಿದ 32 ಜಾಗದಲ್ಲೇ ಇದ್ದವು ಎಂಬುದು ನೀರು ಹರಿದುಹೋಗುವುದನ್ನು ನೋಡುತ್ತಿದ್ದ ರೈತರಿಗೆ ಸಮಾಧಾನ ತರಲಿಲ್ಲ. ಫ್ಲೋಟಿನ ಸುತ್ತ, ದಿಂಬಿನ ಬುಡದಲ್ಲಿ, ಅಗಲವಾದ ನೈಲಾನ್ ಪಟ್ಟಿಯನ್ನು ಬಿಗಿದೆವು. ಉಂಗುರಗಳು ಆ ಪಟ್ಟಿ ಜಾರದಂತೆ ಹಿಡಿಯಲು ಮಾತ್ರ. ಪಟ್ಟಿಯ ಎರಡು ಕಡೆಯಿಂದ ಎರಡು ಕವಲು ಹಗ್ಗ ಬಂದು ಮುಂದೆ ಒಂದಾಗುತ್ತವೆ, ತಾತ ಹೇಳಿದ ಸೂತ್ರದಂತೆಯೇ. ಎಳೆತ ಹಂಚಿಹೋಗುತ್ತದೆ, ಫ್ಲೋಟ್ ಗಿರಗಿರನೆ ಸುತ್ತುವುದೂ ನಿಲ್ಲುತ್ತದೆ.

ತಳದ ಲಂಗರನ್ನು ಪೂರ್ತಿ ಕೈಬಿಡಲಿಲ್ಲ. ಗಾಳಿ ಯಾವಾಗಲೂ ಪಡುವಣದಿಂದಲೇ ಬರುತ್ತದೆಂಬ ಭರವಸೆಯಿಲ್ಲ. ಮೇ ತಿಂಗಳ ಗುಡುಗು ಮೋಡ ಮೂಡಣದಲ್ಲಿ ಎದ್ದರೆ ತಣ್ಣನೆಯ ಗಾಳಿ ಅಲ್ಲಿಂದಲೇ ನುಗ್ಗಿ ಬರುತ್ತದೆ, ಆಗ ಫ್ಲೋಟ್ ದಡದ ಬಂಡೆಗಳಿಗೆ ಉಜ್ಜುತ್ತದೆ. ಅದನ್ನು ತಡೆಯಲು ಕೆರೆಯ ಕಡೆಗೆ ಒಂದು ಹಿಡಿತ ಬೇಕು. ಡಿಎಪಿ ಗೊಬ್ಬರದ ಖಾಲಿ ಚೀಲಗಳನ್ನು ಒಂದರೊಳಗೊಂದು ಹಾಕಿ ಜೋಡಿ ಚೀಲ ಮಾಡಿ, ಅರ್ಧದಷ್ಟು ಉಸುಕು ತುಂಬಿ ಬಾಯಿ ಹೊಲಿದೆವು. ಪೂರ್ತಿ ತುಂಬಿದರೆ ಎತ್ತಲಾಗುವುದಿಲ್ಲ. ಅರ್ಧವೆಂದರೆ ಐವತ್ತು ಕಿಲೋ. ಅಂಥ ಎರಡನ್ನು ಜೊತೆಗೆ ಬಿಗಿದು ತೆಪ್ಪದಲ್ಲಿ ಒಯ್ದು ಇಳಿಸಿದ್ದು ತಾತ. ನೂರು ಕಿಲೋ ಉಸುಕು ನೀರಿನಲ್ಲಿ 62 ಕಿಲೋ ಆಗುತ್ತದೆ. ಆಳದ ಐದರಷ್ಟು ಹಗ್ಗ ಬಿಟ್ಟರೆ ಅಡ್ಡಕ್ಕೆ 28 ಕಿಲೋ ತಡೆಯುತ್ತದೆ, ಅಂದರೆ ಗಂಟೆಗೆ 50 ಕಿಲೋಮೀಟರ್ ಗಾಳಿಯವರೆಗೆ. ಹೂಳಿನಲ್ಲಿ ಚೀಲ ಕೂತ ಮೇಲೆ ಕೆಸರಿನ ಹಿಡಿತ ಇನ್ನಷ್ಟು ಸೇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇದಕ್ಕೆ ನೈಲಾನ್ ಹಗ್ಗ. ಅದು ಮುಳುಗುತ್ತದೆ, ಈಜುವವರ ಕಾಲಿಗೆ ತೊಡರುವುದಿಲ್ಲ, ಜಗ್ಗಿದಾಗ ಹಿಗ್ಗಿ ಧಕ್ಕೆಯನ್ನು ತಾನು ನುಂಗುತ್ತದೆ.

ಐದರಷ್ಟು ಹಗ್ಗ ಎಂದರೆ 15 ಮೀಟರ್. ಅಷ್ಟುದ್ದ ಹಗ್ಗ ಸಡಿಲವಿದ್ದಾಗ ಫ್ಲೋಟ್ ಸುತ್ತಾಡುವ ವೃತ್ತ ದೊಡ್ಡದಾಗುತ್ತದೆ. ಬೀಸುವ ಕಲ್ಲಿನ ಬಿಲ್ಲೆಗೆ ಕೆಲಸ ಸಿಕ್ಕಿದ್ದು ಇಲ್ಲಿ. ಹಗ್ಗದ ನಡುವೆ ಅದನ್ನು ತೂಗುಬಿಟ್ಟರೆ ಹಗ್ಗ ಬಾಗಿ ಕೆಳಗೆ ನಿಲ್ಲುತ್ತದೆ. ಗಾಳಿ ಎಳೆದಾಗ ಮೊದಲು ಆ ಕಲ್ಲು ಮೇಲೇಳಬೇಕು, ಆಮೇಲೆ ಚೀಲದ ಸರದಿ. ಎಳೆತ ಚೀಲವನ್ನು ಮುಟ್ಟುವಾಗ ನೆಲಕ್ಕೆ ಹೆಚ್ಚು ಕಡಿಮೆ ಸಮಾನಾಂತರವಾಗಿರುತ್ತದೆ. ಕಲ್ಲಿನ ತೂತಿನ ಅಂಚು ಹಗ್ಗವನ್ನು ಕೊಯ್ಯದಂತೆ ಹನಿ ನೀರಾವರಿಯ ಪೈಪಿನ ತುಂಡನ್ನು ತೊಡಿಸಿದೆವು.

ಲೆಕ್ಕ ಕಾಗದದ ಮೇಲೆ ಚೆನ್ನಾಗಿರುತ್ತದೆ. ನೀರಿನಲ್ಲಿ ನೋಡಲು ಭತ್ತದ ಚೀಲ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಮರಕ್ಕೂ ಹಗ್ಗಕ್ಕೂ ನಡುವೆ ಸಿಕ್ಕಿಸಿದೆವು. ಖಾಲಿ ಫ್ಲೋಟಿಗೆ ಮಧ್ಯಾಹ್ನದ ಗಾಳಿಯಲ್ಲಿ ಮುಳ್ಳು ಮೂರು ನಾಲ್ಕರ ನಡುವೆ ಆಡಿತು. ತೋಟದ ಹುಡುಗರು ಲೈಫ್ ಜಾಕೆಟ್ ತೊಟ್ಟು ಕುಳಿತಾಗ ಐದು ದಾಟಿತು. ಒಂದು ಜೋರು ಬೀಸಿಗೆ ಹನ್ನೆರಡಕ್ಕೆ ಹಾರಿ ಇಳಿಯಿತು. ಮಾಲೀಕರು ಹಗ್ಗ ಬಿಟ್ಟು ತಕ್ಕಡಿಯನ್ನೇ ನೋಡುತ್ತಾ ನಿಂತರು. ಆಮೇಲೆ ಫೋಟೊದ ಮಾತು ಬರಲಿಲ್ಲ. ಅದೇ ತಕ್ಕಡಿಯನ್ನು ಈಗ ಅಲ್ಲಿಯೇ ಇಟ್ಟಿದ್ದಾರೆ: ಮುಳ್ಳು ಎಂಟು ದಾಟಿದರೆ ಎಲ್ಲರನ್ನೂ ದಡಕ್ಕೆ ಎಳೆಯುವುದು. ಗಾಳಿಯ ವೇಗ ಅಳೆಯುವ ಯಂತ್ರ ಕೊಳ್ಳುವುದಕ್ಕಿಂತ ಇದು ಅಗ್ಗ, ನೇರ ಕೂಡ. ನಮಗೆ ಬೇಕಾದದ್ದು ಗಾಳಿಯ ವೇಗವಲ್ಲ, ಹಗ್ಗದ ಎಳೆತ.

ನೀರಿನ ಮಟ್ಟ, ಬಲೆ, ಬಿಸಿಲು

ಕಾಲುವೆಯ ಕೆರೆಗೆ ತನ್ನದೇ ಒಂದು ಗುಣವಿದೆ. ಕಾಲುವೆ ಹರಿಯುವಾಗ ತುಂಬಿರುತ್ತದೆ, ನಿಂತ ಮೇಲೆ ತೂಬಿನಿಂದ ನೀರು ಬಿಟ್ಟಂತೆಲ್ಲಾ ಇಳಿಯುತ್ತದೆ. ಮಟ್ಟ ಇಳಿದರೆ ಹಗ್ಗ ಉದ್ದವಾಗುತ್ತದೆ, ಮುಳುಗಿದ್ದ ಬಂಡೆಯ ತುದಿಗಳು ಮೇಲಕ್ಕೆ ಬರುತ್ತವೆ, ಫ್ಲೋಟಿನ ತಳ ಅವಕ್ಕೆ ತಗಲುತ್ತದೆ. ಮಟ್ಟ ಏರಿದರೆ ಹಗ್ಗ ಗಿಡ್ಡವಾಗಿ ಹಳೆಯ ಡಬ್ಬದ ಕಥೆ. ಆದ್ದರಿಂದ ವಾರಕ್ಕೊಮ್ಮೆ, ನೀರು ಬಿಡುವ ದಿನಗಳಲ್ಲಿ ಪ್ರತಿ ಬೆಳಗ್ಗೆ, ಹಗ್ಗ ಹೊಂದಿಸುವುದು ತೋಟದ ಒಬ್ಬರ ಕೆಲಸ. ತೂಬು ತೆರೆದಿರುವ ದಿನ ಫ್ಲೋಟ್ ನೀರಿಗಿಳಿಯುವುದೇ ಇಲ್ಲ.

ಕೆರೆ ಸರ್ಕಾರದ್ದು ಎಂಬುದನ್ನು ಮಾಲೀಕರು ಮರೆತೇಬಿಟ್ಟಿದ್ದರು. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಪಡೆಯುವ ಜಮೀನು, 40 ಹೆಕ್ಟೇರಿನವರೆಗಿರುವ ಕೆರೆಗಳು ಜಿಲ್ಲಾ ಪಂಚಾಯಿತಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ತೋಟದ ಬೇಲಿ ದಡದವರೆಗೆ ಬಂದಿದ್ದರೂ ನೀರು ಅವರದಾಗುವುದಿಲ್ಲ. ಹಣ ಪಡೆದು ಅತಿಥಿಗಳನ್ನು ನೀರಿಗೆ ಇಳಿಸುವುದು ಅನುಮತಿ ಕೇಳಬೇಕಾದ ವ್ಯವಹಾರ. ಅದು ಕೈಗೆ ಬರುವವರೆಗೆ ಫ್ಲೋಟ್ ಮನೆಯವರ ಬಳಕೆಗೆ ಮಾತ್ರ ಎಂದು ತೀರ್ಮಾನವಾಯಿತು. ಮೀನು ಗುತ್ತಿಗೆಯವರೊಡನೆ ಮಾತು ಸುಲಭವಾಗಿ ಮುಗಿಯಿತು. ಬಲೆ ಬಿಡುವ ಜಾಗ ತಾತ ತೋರಿಸಿದರು, ಲಂಗರಿನ ಚೀಲ ಅದರಿಂದ ದೂರ ಇಳಿಯಿತು, ಫ್ಲೋಟ್ ನೀರಿನಲ್ಲಿರುವ ಹೊತ್ತಿನಲ್ಲಿ ಒಂದು ತೆಪ್ಪ ದಡದಲ್ಲಿ ಸಿದ್ಧವಿರುತ್ತದೆ, ಅದಕ್ಕೆ ದಿನಗೂಲಿ. ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯುಕ್ತವಾದ ಖರ್ಚು ಯಾವುದೆಂದು ಕೇಳಿದರೆ ನಾನು ಆ ಕೂಲಿಯನ್ನೇ ಹೇಳುತ್ತೇನೆ.

ಹತ್ತುವವರಿಗೆ, ಈಜು ಬರಲಿ ಬಿಡಲಿ, ಲೈಫ್ ಜಾಕೆಟ್ ಇಲ್ಲದೆ ಜಾಗವಿಲ್ಲ. ಫ್ಲೋಟ್ ಕಳಚಿದರೆ ಅದರ ಮೇಲೆಯೇ ಕುಳಿತಿರಬೇಕು, ಯಾರೂ ನೀರಿಗೆ ಹಾರಬಾರದು. ದಡದವರು ತೆಪ್ಪ ಕಳಿಸಬೇಕು, ಈಜಿಕೊಂಡು ಹೋಗಬಾರದು. ಗುಡುಗು ಕೇಳಿದರೆ ಎಲ್ಲರೂ ದಡಕ್ಕೆ. ಅಂಚಿಗೆ ನಾಲ್ಕು ಮೆಟ್ಟಿಲಿನ ಹಗ್ಗದ ಏಣಿ ಕಟ್ಟಿಸಿದ್ದು ಸೋದರಮಾವನ ಅವಸ್ಥೆ ಕೇಳಿದ ಮೇಲೆ. ನೀರಿನಿಂದ ನುಣುಪಾದ ಪಿವಿಸಿ ದಿಂಬನ್ನು ಹತ್ತುವುದು ದಣಿಯದವರಿಗೂ ಕಷ್ಟ.

ಬಿಸಿಲಿನ ವಿಷಯ ಚಿಕ್ಕದು, ಆದರೆ ತೇಪೆ ಹಾಕಿದ ಫ್ಲೋಟಿಗೆ ಮುಖ್ಯ. ಬೆಳಗಿನ 25 ಡಿಗ್ರಿಯಲ್ಲಿ ಬಿಗಿಯಾಗಿ ತುಂಬಿದ ಗಾಳಿ ಮಧ್ಯಾಹ್ನ ಹಾಸಿನೊಳಗೆ 55 ಡಿಗ್ರಿಗೆ ಕಾದರೆ ಹತ್ತನೇ ಒಂದು ಪಾಲು ಹಿಗ್ಗಲು ನೋಡುತ್ತದೆ. ಹೊಲಿಗೆ ಬಿಡುವುದು ಆಗಲೇ. ಬೆರಳಿನಿಂದ ಒತ್ತಿದರೆ ತುಸು ತಗ್ಗುವಷ್ಟು ಸಡಿಲ ಬಿಟ್ಟು ತುಂಬಬೇಕು. ಸಂಜೆ ತಣ್ಣಗಾದಾಗ ಅದು ಸೊರಗುತ್ತದೆ, ಸುತ್ತಲಿನ ಪಟ್ಟಿಯೂ ಸಡಿಲವಾಗುತ್ತದೆ. ರಾತ್ರಿ ನೀರಿನಲ್ಲಿ ಬಿಡಬಾರದೆಂಬುದಕ್ಕೆ ಇದೂ ಒಂದು ಕಾರಣ.

ಆಷಾಢದ ಗಾಳಿಗೆ ಯಾವ ಲೆಕ್ಕವನ್ನೂ ಹಾಕಿಲ್ಲ. ಜೂನ್ ಮೊದಲ ವಾರದಲ್ಲಿ ಫ್ಲೋಟನ್ನು ದಡಕ್ಕೆ ತಂದು, ಗಾಳಿ ಬಿಟ್ಟು, ಒಣಗಿಸಿ ಮಡಚಿದರು. ಉಸುಕಿನ ಚೀಲ ತಳದಲ್ಲೇ ಇದೆ. ಹಗ್ಗದ ತುದಿಗೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿ ಗುರುತು ಬಿಟ್ಟಿದ್ದಾರೆ. ಮಡಚಿದ ಫ್ಲೋಟ್ ಭತ್ತದ ಕೋಣೆಯಲ್ಲಿ ಇಲಿಗಳಿಗೆ ಎಟುಕದಂತೆ ತೊಲೆಗೆ ನೇತಾಡುತ್ತಿದೆ. ಅನುಮತಿಯ ಅರ್ಜಿ ಇನ್ನೂ ಕಚೇರಿಯಲ್ಲಿದೆ.